ಅಪ್ಪನ ಮೂರು ರಾತ್ರಿಗಳ ನಿದ್ದೆಗೆ ಕಾರಣರಾದವರಿಗೆ

ಕಳೆದ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚಿನ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ, ಗಾಡಿಯ ಹಿಂದೆ ಕಟ್ಟಿ ಎಳೆಯುವ, ಮಲಗಲು ಹಾಸಿಗೆಯಿರುವ ನಮ್ಮ 13 ಅಡಿಯ ಹಳೆಯ ಟ್ರೇಲರಿನೊಳಗೆ, ಅಪ್ಪ ಮೂರು ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಿದರು. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಅಪ್ಪನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದು, ಮುಖವಾಡದ ಮೂಲಕ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಯಂತ್ರ ರಾತ್ರಿಯಿಡೀ ನಡೆಯುತ್ತಿರಬೇಕು. ಆ ಕ್ಯಾಂಪ್‌ಗ್ರೌಂಡಿನ ಜಾಗಗಳಲ್ಲಿ ಕರೆಂಟಿನ ಸೌಲಭ್ಯವಿಲ್ಲ, ಜನರೇಟರ್ ಓಡಿಸುವುದಕ್ಕೂ ನಿಗದಿತ ಹೊತ್ತು ಮಾತ್ರ ಅನುಮತಿ. ಹಾಗಾಗಿ ಅವರ ನಿದ್ದೆ ಒಂದು ಬ್ಯಾಟರಿ, ಅದರ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡಿಕೊಡುವ ಒಂದು ಇನ್ವರ್ಟರ್ ಮತ್ತು ಅವೆರಡರ ನಡುವಿನ ಎರಡು ಕೇಬಲುಗಳ ಮೇಲೆ ನಿಂತಿತ್ತು. ಆ ಕೇಬಲುಗಳನ್ನು ಸರಿಯಾಗಿ ಹಾಕುವುದನ್ನು ನನಗೆ ಕಲಿಸಿದವರನ್ನು ನೆನೆಯಲು ಈ ಬರಹ.

ಅಪ್ಪ, ಅಮ್ಮ ತಿಪಟೂರಿನಿಂದ ಫೀನಿಕ್ಸಿನ ನಮ್ಮ ಮನೆಗೆ ಬಂದದ್ದು ಜುಲೈ ತಿಂಗಳಿನಲ್ಲಿ. ಆಗಸ್ಟಿನಲ್ಲಿ ಬಿಸಿಲು ತಾಳಲಾರದೆ ಪೇಸನ್ ಬಳಿಯ ಕಾಡಿಗೆ ಒಂದು ರಾತ್ರಿಯ ಮಟ್ಟಿಗೆ ಹೋದೆವು. ಟ್ರೇಲರಿನಲ್ಲಿ ಆಗ ಇದ್ದದ್ದು ಹಳೆಯ ಲೆಡ್-ಆಸಿಡ್ ಬ್ಯಾಟರಿ. ಅದರ ಮೈಮೇಲೆ 80 ಆಂಪಿಯರ್-ಅವರ್ ಸಾಮರ್ಥ್ಯವೆಂದು ಬರೆದಿದ್ದರೂ, ಬ್ಯಾಟರಿ ಕೆಡದಂತೆ ಬಳಸಬಹುದಾದದ್ದು ಅದರ ಅರ್ಧ ಮಾತ್ರ ಎಂಬುದು ನನಗೆ ತಿಳಿದಿರಲಿಲ್ಲ. ಗಾಳಿಗೆ ತೇವ ಕೊಡಲು ಯಂತ್ರದಲ್ಲಿರುವ ನೀರು ಕಾಯಿಸುವ ಭಾಗವನ್ನೂ ಚಾಲೂ ಇಟ್ಟಿದ್ದೆವು. ರಾತ್ರಿ 3 ಗಂಟೆಗೆ ಇನ್ವರ್ಟರ್ ಕೀರಲು ದನಿಯಲ್ಲಿ ಕೂಗಿ ನಿಂತುಹೋಯಿತು. ಅಪ್ಪ ದಿಂಬಿಗೆ ಒರಗಿ ಬೆಳಗಿನವರೆಗೂ ಕೂತೇ ಇದ್ದರು. “ಒಂದು ರಾತ್ರಿ ತಾನೇ, ಬಿಡು” ಎಂದು ನನಗೇ ಸಮಾಧಾನ ಹೇಳಿದರು. ಅಮ್ಮ ಮಾತ್ರ ಇನ್ನು ಊರಿಗೆ ಹೊರಡುವವರೆಗೆ ಈ ಗಾಡಿ ಹತ್ತುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಆ ಅವಮಾನದಲ್ಲಿ ನಾನು ಮಾಡಿದ್ದು ಎಲ್ಲವನ್ನೂ ದೊಡ್ಡದಾಗಿ ಕೊಳ್ಳುವ ಕೆಲಸ. 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿಯೊಂದನ್ನೂ 2000 ವ್ಯಾಟಿನ ಇನ್ವರ್ಟರೊಂದನ್ನೂ ತಂದೆ. ಬ್ಯಾಟರಿಯನ್ನು ಮುಂದಿನ ಬೆಂಚಿನ ಕೆಳಗೆ, ಇನ್ವರ್ಟರನ್ನು ಹಿಂದಿನ ಹಾಸಿಗೆಯ ಕೆಳಗೆ ಇಟ್ಟು, ನಡುವಿನ 10 ಅಡಿಗೆ ಕಾರಿನ ಸ್ಟೀರಿಯೋ ಆಂಪ್ಲಿಫೈಯರುಗಳಿಗೆಂದು ಮಾರುವ, 4 ಗೇಜ್ ದಪ್ಪದ ಅಗ್ಗದ ಕೇಬಲ್ ಎಳೆದೆ. ಕೇಬಲನ್ನು ಬೋಲ್ಟಿಗೆ ಜೋಡಿಸಲು ತುದಿಗೆ ಹಾಕುವ ಲೋಹದ ಲಗ್ಗುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಮನೆಯ ಮುಂದೆಯೇ ಪರೀಕ್ಷೆ ನಡೆಯಿತು. ಕರೆಂಟು ಬೇಡುವ ವಸ್ತು ಬೇಕೆಂದಾಗ ನನ್ನ ಹೆಂಡತಿ ಮಿಕ್ಸಿಯನ್ನೇ ತಂದಿಟ್ಟಳು. ಕಾಯಿಚಟ್ನಿ ನುಣ್ಣಗಾಗುವಷ್ಟರಲ್ಲಿ ಬೆಂಚಿನ ಕೆಳಗಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು.

ಮೊದಲ ಕೃತಜ್ಞತೆ ತಿಪಟೂರಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ನನ್ನ ಭಾವನಿಗೆ ಸಲ್ಲಬೇಕು. ಲೋಡ್‌ಶೆಡ್ಡಿಂಗಿನ ಕಾಲದಿಂದಲೂ ಮನೆಮನೆಯ ಯುಪಿಎಸ್‌ಗಳಿಗೆ ಬ್ಯಾಟರಿ ಕೂರಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ ಕೈ ಪಳಗಿದವರು ಅವರು. ಅಲ್ಲಿನ ನಸುಕಿನ ಹೊತ್ತಿನಲ್ಲಿ ಮಾಡಿದ ವಿಡಿಯೋ ಕರೆಗೆ ಬೇಸರಿಸದೆ ಎದ್ದು ಕೂತು, ಇನ್ವರ್ಟರಿನ ಕಂಪನಿ ಯಾವುದೆಂದು ಕೂಡ ಕೇಳದೆ, “ತಂತಿಯ ಮಧ್ಯ ಬಿಸಿಯಿದೆಯೋ, ತುದಿ ಬಿಸಿಯಿದೆಯೋ, ಆಫ್ ಮಾಡಿ ಮುಟ್ಟಿ ನೋಡಿ ಹೇಳು” ಎಂದರು. ಉದ್ದಕ್ಕೂ ಬಿಸಿಯಾಗಿದ್ದರೆ ತಂತಿ ಸಣ್ಣದು, ತುದಿಯಲ್ಲಿ ಮಾತ್ರ ಬಿಸಿಯಾಗಿದ್ದರೆ ಥಿಂಬಲ್, ಅಂದರೆ ಲಗ್ಗು, ಸರಿಯಾಗಿ ಪಂಚ್ ಆಗಿಲ್ಲ ಎಂಬುದು ಅವರ ಲೆಕ್ಕ. ನಮ್ಮದು ಉದ್ದಕ್ಕೂ ಬೆಚ್ಚಗಿತ್ತು, ತುದಿಯಲ್ಲಿ ಕೈಯಿಡಲು ಆಗುತ್ತಿರಲಿಲ್ಲ. “ಹಾಗಾದರೆ ಎರಡೂ ತಪ್ಪು. ಬಿಚ್ಚಿಡು, ಅದರ ಪಕ್ಕ ಅಪ್ಪನನ್ನು ಮಲಗಿಸಬೇಡ” ಎಂದು ಕರೆ ಮುಗಿಸಿದರು.

ಎರಡನೆಯವರು ನಮ್ಮ ಬೀದಿಯ ಹಿರಿಯರೊಬ್ಬರು. ಲೇಕ್ ಹವಾಸುವಿನಲ್ಲಿ ಬಹುಕಾಲ ದೋಣಿಗಳ ವೈರಿಂಗ್ ಮಾಡಿ ನಿವೃತ್ತರಾದವರು. ಹೆಸರು ಹಾಕಬೇಡವೆಂದು ಅವರೇ ಹೇಳಿದ್ದಾರೆ. ಬಿಚ್ಚಿಟ್ಟ ಕೇಬಲಿನ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ಅವರು ನನ್ನ ಕೈಗೆ ಕೊಟ್ಟರು. ಮೇಲಿನ ತಾಮ್ರದ ಲೇಪದ ಕೆಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಾಣಿಸಿತು. ನಂತರ ನನ್ನನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದರು. ಮನೆಯ 120 ವೋಲ್ಟಿನಲ್ಲಿ 1000 ವ್ಯಾಟಿಗೆ 8 ಆಂಪಿಯರಿನಷ್ಟು ಸಾಕಾದರೆ, 12 ವೋಲ್ಟಿನ ಬ್ಯಾಟರಿಯಿಂದ ಅದೇ ಕೆಲಸಕ್ಕೆ 83 ಆಂಪಿಯರ್ ಬೇಕು, ಇನ್ವರ್ಟರಿನೊಳಗಿನ ನಷ್ಟವನ್ನೂ ಸೇರಿಸಿದರೆ ಅದು ಹೆಚ್ಚುಕಡಿಮೆ 100 ಆಗುತ್ತದೆ. ಹೋಗಿಬರುವ ದಾರಿ ಸೇರಿ 20 ಅಡಿಯ 4 ಗೇಜ್ ಕೇಬಲಿನಲ್ಲಿ 100 ಆಂಪಿಯರ್ ಹರಿದರೆ, ಅದು ಅಪ್ಪಟ ತಾಮ್ರವೇ ಆಗಿದ್ದರೂ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಅಂದರೆ 50 ವ್ಯಾಟ್ ಶಾಖ ಹಾಸಿಗೆಯ ಕೆಳಗೆ ಹುಟ್ಟುತ್ತದೆ. ಅಲ್ಯೂಮಿನಿಯಂ ಆದರೆ ಇನ್ನೂ ಹೆಚ್ಚು. ಇಷ್ಟು ಸಣ್ಣ ಗುಣಾಕಾರವನ್ನು ಕೊಳ್ಳುವ ಮೊದಲೇ ಏಕೆ ಮಾಡಲಿಲ್ಲವೆಂದು ನಾನು ಈಗಲೂ ನಾಚುತ್ತೇನೆ. ನಾನು ಓದಿದ್ದು ಎಂಜಿನಿಯರಿಂಗ್ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ನನ್ನ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ 100 ಆಂಪಿಯರಿಗಿಂತ ಹೆಚ್ಚನ್ನು ಹೊತ್ತುಗಟ್ಟಲೆ ಕೊಡುವುದಿಲ್ಲವಾದ್ದರಿಂದ 2000 ವ್ಯಾಟಿನ ಇನ್ವರ್ಟರ್ ಕೇವಲ ಆಡಂಬರವೆಂದು ಅವರು ತೋರಿಸಿಕೊಟ್ಟರು. ಅದನ್ನು ಹಿಂದಿರುಗಿಸಿ ಮನೆಯ ಕರೆಂಟಿನಂಥದ್ದೇ ನಯವಾದ ಅಲೆ ಕೊಡುವ 1000 ವ್ಯಾಟಿನ ಪ್ಯೂರ್ ಸೈನ್ ವೇವ್ ಇನ್ವರ್ಟರ್ ತಂದೆ. ಅದನ್ನು ಬ್ಯಾಟರಿಯ ಪಕ್ಕದ ಗೂಡಿಗೇ ತಂದು, ಗಾಳಿಯಾಡಲು ಜಾಗ ಬಿಟ್ಟು ಕೂರಿಸಿದ್ದರಿಂದ ಕೇಬಲಿನ ಉದ್ದ 10 ಅಡಿಯಿಂದ 3 ಅಡಿಗೆ ಇಳಿಯಿತು. ಉದ್ದ ಬೇಕಾದರೆ 120 ವೋಲ್ಟಿನ ತಂತಿಯನ್ನು ಎಳೆದುಕೊ, 12 ವೋಲ್ಟಿನದನ್ನಲ್ಲ ಎಂಬ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಹೊಸ ಕೇಬಲ್ 1/0 ಗೇಜಿನ ತಾಮ್ರದ್ದು, ಹೆಬ್ಬೆರಳಿನಷ್ಟು ದಪ್ಪ. ಅದೇ 100 ಆಂಪಿಯರಿಗೆ ಅದರಲ್ಲಿ ಕಳೆಯುವುದು 6 ವ್ಯಾಟ್ ಮಾತ್ರ.

ಫ್ಯೂಸಿನ ವಿಷಯದಲ್ಲಿ ಅವರು ಸ್ವಲ್ಪವೂ ಸಡಿಲ ಬಿಡಲಿಲ್ಲ. ಫ್ಯೂಸು ಇನ್ವರ್ಟರನ್ನು ಕಾಯುವುದಕ್ಕಲ್ಲ, ಕೇಬಲನ್ನು ಕಾಯುವುದಕ್ಕೆ. ಆದ್ದರಿಂದ ಅದು ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೇ ಇರಬೇಕೆಂದು ಹಟ ಹಿಡಿದರು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗಬಹುದಾದ್ದರಿಂದ, ಸಾಧಾರಣ ಫ್ಯೂಸಿನ ಬದಲು 20,000 ಆಂಪಿಯರನ್ನೂ ಕಡಿದುಹಾಕಬಲ್ಲ ಕ್ಲಾಸ್-ಟಿ ಜಾತಿಯ 150 ಆಂಪಿಯರ್ ಫ್ಯೂಸನ್ನೇ ಹಾಕಿಸಿದರು. ಲಗ್ಗಿಗೂ ಬ್ಯಾಟರಿಯ ತುದಿಗೂ ನಡುವೆ ನಾನು ಸಿಕ್ಕಿಸಿದ್ದ ಸ್ಟೀಲ್ ವಾಷರನ್ನು ಮರುಮಾತಿಲ್ಲದೆ ತೆಗೆದು ಲಗ್ಗಿನ ಮೇಲಕ್ಕೆ ಹಾಕಿದರು. ಹೊರಗಿನ ಕರೆಂಟನ್ನು ಟ್ರೇಲರಿನೊಳಗೆ ತರುವ ಪ್ಲಗ್ಗಿಗೇ ಇನ್ವರ್ಟರನ್ನು ಚುಚ್ಚಿಬಿಡುವ ನನ್ನ ಯೋಜನೆಯನ್ನು ಕೇಳಿದಾಗ ಮಾತ್ರ ನಕ್ಕರು. ಹಾಗೆ ಮಾಡಿದರೆ ಟ್ರೇಲರಿನ ಚಾರ್ಜರ್ ಅದೇ ಬ್ಯಾಟರಿಯ ಕರೆಂಟಿನಿಂದ ಅದೇ ಬ್ಯಾಟರಿಯನ್ನು ತುಂಬಲು ಹೊರಡುತ್ತದೆ. ತನ್ನ ಹೆಗಲ ಮೇಲೆ ತಾನೇ ಕೂರುವ ಸಾಹಸವದು. ಅದಕ್ಕಾಗಿ ಯಂತ್ರಕ್ಕೂ ಮಿಕ್ಸಿಗೂ ಇನ್ವರ್ಟರಿನ ಸ್ವಂತ ಪ್ಲಗ್ಗುಗಳನ್ನೇ ಇಟ್ಟುಕೊಂಡೆವು.

ಕೇಬಲನ್ನು ಅಳತೆಗೆ ಕತ್ತರಿಸಿಕೊಟ್ಟ ವೆಲ್ಡಿಂಗ್ ಸಾಮಾನಿನ ಅಂಗಡಿಯವರಿಗೂ, ಲಗ್ಗು ಒತ್ತುವ ಹೈಡ್ರಾಲಿಕ್ ಕ್ರಿಂಪರನ್ನು ಎರಡು ವಾರ ನನ್ನ ಬಳಿಯೇ ಬಿಟ್ಟಿದ್ದ ಚಾಂಡ್ಲರಿನ ಕನ್ನಡದ ಗೆಳೆಯರಿಗೂ ನಾನು ಋಣಿ. ಆ ಗೆಳೆಯರು ನನ್ನ ಮೊದಲ ಲಗ್ಗನ್ನು ಗರಗಸದಿಂದ ಅಡ್ಡಕ್ಕೆ ಸೀಳಿಸಿ, ಒಳಗಿನ ಎಳೆಗಳು ಒಂದೇ ಗಟ್ಟಿ ಲೋಹದಂತೆ ಕೂಡಿಕೊಂಡಿವೆಯೇ ಎಂದು ನೋಡಿದ ಮೇಲೆಯೇ ಉಳಿದವುಗಳನ್ನು ಒತ್ತಲು ಒಪ್ಪಿದರು.

ನನ್ನ ಹೆಂಡತಿಗೆ ಹೇಳಬೇಕಾದದ್ದನ್ನು ಮನೆಯಲ್ಲಿ ಹೇಳಿದ್ದೇನೆ. ಆದರೆ ಸೆಪ್ಟೆಂಬರಿನ ನಾಲ್ಕು ಶನಿವಾರಗಳನ್ನು ಟಾರ್ಚ್ ಹಿಡಿದು ಕಳೆದವಳು ಅವಳೇ. ಹೊರಡುವ ಮೊದಲು ಮನೆಯ ಮುಂದೆ ಎರಡು ರಾತ್ರಿ ಅಪ್ಪನ ಬದಲು ನಾನೇ ಟ್ರೇಲರಿನಲ್ಲಿ ಮಲಗಿ, ಯಂತ್ರವನ್ನು ಬೆಳಗಿನವರೆಗೂ ಓಡಿಸಬೇಕೆಂಬ ಷರತ್ತೂ ಅವಳದೇ. ಆ ಷರತ್ತು ಈಡೇರಿದ ಮೇಲೆಯೇ ಅಮ್ಮ ತಮ್ಮ ಮಾತು ಹಿಂತೆಗೆದುಕೊಂಡರು.

ಸಮುದ್ರಮಟ್ಟದಿಂದ ಸುಮಾರು 7000 ಅಡಿ ಎತ್ತರದ ಆ ಜಾಗದಲ್ಲಿ ಎರಡನೆಯ ರಾತ್ರಿ ಹೊರಗಿಟ್ಟ ಬಕೆಟ್ಟಿನ ನೀರಿನ ಮೇಲೆ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಗೆ ಚಾರ್ಜ್ ಮಾಡಬಾರದೆಂದು ಹಿರಿಯರು ಎಚ್ಚರಿಸಿದ್ದರಿಂದ, ಬ್ಯಾಟರಿ ಒಳಗೇ ಬೆಚ್ಚಗಿತ್ತು, ಸೋಲಾರ್ ಪ್ಯಾನೆಲನ್ನು ಬಿಸಿಲೇರಿದ ಮೇಲೆಯೇ ಜೋಡಿಸುತ್ತಿದ್ದೆವು. ಹೆಂಡತಿ ಮತ್ತು ನಾನು ಪಕ್ಕದ ಟೆಂಟಿನಲ್ಲಿ ಮಲಗಿದ್ದೆವು. ಮೊದಲ ರಾತ್ರಿ ನಾನು ಮೂರು ಬಾರಿ ಎದ್ದು ಹೋಗಿ ಕೇಬಲಿನ ತುದಿ ಮುಟ್ಟಿ ನೋಡಿದೆ, ಮೂರು ಬಾರಿಯೂ ಅದು ತಣ್ಣಗಿತ್ತು. ಕೊನೆಯ ಬೆಳಿಗ್ಗೆ ಬ್ಯಾಟರಿಯ ಮಾನಿಟರಿನಲ್ಲಿ ಇನ್ನೂ 41 ಪ್ರತಿಶತ ಚಾರ್ಜ್ ಉಳಿದಿತ್ತು. ಅಪ್ಪ ಮ್ಯಾದರ್ ಪಾಯಿಂಟಿನಲ್ಲಿ ಸೂರ್ಯೋದಯ ನೋಡಿ ಬಂದು ದೋಸೆಗೆ ಕೂತಾಗ, ಅಮ್ಮ ಅದೇ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದರು.

1/0 ಗೇಜಿನ ಕೇಬಲ್ ಇನ್ನೂ ನಾಲ್ಕು ಅಡಿ, ಲಗ್ಗುಗಳು ಐದು ನಮ್ಮ ಗ್ಯಾರೇಜಿನಲ್ಲಿ ಉಳಿದಿವೆ. ಫೀನಿಕ್ಸಿನ ಸುತ್ತಮುತ್ತ ಇಂಥದ್ದೇ ಕೆಲಸಕ್ಕೆ ಕೈ ಹಾಕಿರುವ ಕನ್ನಡಿಗರು ಬಂದು ಒಯ್ಯಬಹುದು. ಸುತ್ತಿಗೆಯನ್ನು ಮಾತ್ರ ಕೇಳಬೇಡಿ.