ಎಲೆಗೆ ಕಡ್ಡಿ ಗೀರಬೇಡಿ, ಚೀಲಕ್ಕೆ ತುಂಬಿಕೊಡಿ

ಮಾನ್ಯ ಸಂಪಾದಕರೇ,

ಕಳೆದ ಗುರುವಾರ ಬೆಳಗ್ಗೆ ಆರೂವರೆಗೆ ಖಾಲಿ ಸಿಮೆಂಟ್ ಚೀಲ ಹಿಡಿದುಕೊಂಡು ನಮ್ಮ ಬೀದಿಯ ಮೂಲೆಗೆ ಹೋದೆ. ಅಲ್ಲಿ ಹೊಂಗೆ ಎಲೆ ಗುಡ್ಡೆ ಬಿದ್ದಿದ್ದನ್ನು ಹಿಂದಿನ ದಿನವೇ ನೋಡಿಟ್ಟುಕೊಂಡಿದ್ದೆ. ನಾನು ಹೋಗುವಷ್ಟರಲ್ಲಿ ಯಾರೋ ಕಡ್ಡಿ ಗೀರಿ ಹೋಗಿದ್ದರು. ಬೆಳಗಿನ ತಂಪಿಗೆ ಹೊಗೆ ಮೇಲೇಳದೆ ಬೀದಿಯಲ್ಲೇ ಮಲಗಿತ್ತು. ಎದುರು ಮನೆಯ ಅಜ್ಜಿ ಮೂಗಿಗೆ ಸೆರಗು ಹಿಡಿದುಕೊಂಡು ಕಿಟಕಿ ಹಾಕುತ್ತಿದ್ದರು. ಚೀಲ ಮಡಚಿಕೊಂಡು ವಾಪಸ್ ಬಂದೆ. ಆ ಹೊಟ್ಟೆಯುರಿಗೆ ಈ ಪತ್ರ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೊದಲ ಮಹಡಿಯಲ್ಲಿ ಬಾಡಿಗೆ ಮನೆ. ನಮ್ಮದು ಅಂತ ಹೇಳಿಕೊಳ್ಳಲು ಒಂದು ಹಿಡಿ ಮಣ್ಣಿಲ್ಲ. ಇರುವುದು 10 ಅಡಿ ಉದ್ದ, ಮೂರೂವರೆ ಅಡಿ ಅಗಲದ ಬಾಲ್ಕನಿ. ಅದರಲ್ಲೇ 20 ಲೀಟರಿನ ಪೇಂಟ್ ಬಕೆಟ್ 11 ಇಟ್ಟಿದ್ದೇನೆ. ತಳಕ್ಕೆ ಕಾದ ಕಬ್ಬಿಣದಲ್ಲಿ ತೂತು ಹಾಕಿಕೊಟ್ಟಿದ್ದು ನಮ್ಮ ಯಜಮಾನರು. ಎಂಟರಲ್ಲಿ ಗಿಡ, ಮೂರರಲ್ಲಿ ಗೊಬ್ಬರ. ಬಟ್ಟೆ ಒಣಹಾಕಲು ಉಳಿದ ಜಾಗದಲ್ಲಿ ಅಡ್ಡಡ್ಡ ನಡೆಯಬೇಕು, ಅದು ಬೇರೆ ಮಾತು.

ಮೊದಲ ವರ್ಷ ಗೊಬ್ಬರ ಮಾಡಲು ಹೋಗಿ ಮರ್ಯಾದೆ ಕಳೆದುಕೊಂಡೆ. ತರಕಾರಿ ಸಿಪ್ಪೆ, ಕಾಫಿ ಚರಟ, ಮಿಕ್ಕ ಹುಳಿಯನ್ನ, ಎಲ್ಲಾ ಒಂದೇ ಬಕೆಟ್‌ಗೆ ಸುರಿದು ಮುಚ್ಚಳ ಬಿಗಿದೆ. ಹದಿನೈದು ದಿನಕ್ಕೆ ಒಳಗೆ ಗಂಜಿಯಂಥ ಕೆಸರು. ಬೆರಳ ತುದಿಯಷ್ಟು ದಪ್ಪದ ಹುಳುಗಳು ಮುಚ್ಚಳದ ಅಂಚಿಗೆ ಹತ್ತಿದ್ದವು. ತಳದಿಂದ ಸೋರಿದ ನೀರು ಕೆಳಗಿನ ಓನರ್ ಆಂಟಿಯ ರಂಗೋಲಿ ಮೇಲೇ ಬೀಳಬೇಕಾ! 'ಏನಮ್ಮ ಇದು, ಇಲಿ ಸತ್ತಿದೆಯಾ ನಿಮ್ಮನೇಲಿ?' ಅಂದರು. ಬಕೆಟ್ ಸಮೇತ ಕಸದ ಗಾಡಿಗೆ ಕೊಟ್ಟುಬಿಟ್ಟೆ.

ಮದ್ದೂರು ಕಡೆ ಹಳ್ಳಿಯಲ್ಲಿರುವ ನಮ್ಮತ್ತೆಗೆ ಫೋನಿನಲ್ಲಿ ಇದನ್ನು ಹೇಳಿಕೊಂಡರೆ ನಕ್ಕರು. 'ಬರೀ ಹಸೀದೇ ತುಂಬುದ್ರೆ ಕೊಳೀದೆ ಇನ್ನೇನಾದದು ಕಣಮ್ಮಿ? ತಿಪ್ಪೆಗೆ ತರಗು ಬೀಳ್ಬೇಕು' ಅಂದರು. ಅವರ ಊರಲ್ಲಿ ಕಬ್ಬಿನ ತರಗು, ರಾಗಿ ಹುಲ್ಲಿನ ಕೂಳೆ, ಕೊಟ್ಟಿಗೆ ಗುಡಿಸಿದ್ದು, ಎಲ್ಲಾ ಸಗಣಿಯ ಜೊತೆಗೇ ತಿಪ್ಪೆಗೆ ಹೋಗುತ್ತೆ. ಇಷ್ಟು ವರ್ಷ ನೋಡಿಯೂ ನನಗೆ ಅದು ತಲೆಗೆ ಹೋಗಿರಲಿಲ್ಲ.

ಈಗ ಒಂದು ಬೋಗುಣಿ ಹಸಿ ಸಿಪ್ಪೆಗೆ ಎರಡು ಬೋಗುಣಿ ಪುಡಿ ಮಾಡಿದ ಒಣ ಎಲೆ. ಎಲೆಯನ್ನು ಚೀಲಕ್ಕೆ ತುಂಬಿ ಕಾಲಲ್ಲಿ ತುಳಿದರೆ ಸಾಕು, ಪುಡಿಯಾಗುತ್ತೆ. ಹಸಿಯಲ್ಲಿರುವ ನೀರನ್ನು ಎಲೆ ಹೀರಿಕೊಳ್ಳುತ್ತೆ, ನಡುವೆ ಗಾಳಿಯಾಡುತ್ತೆ. ಗಾಳಿಯಾಡಿದರೆ ನಾತ ಇಲ್ಲ. ಸಾರಜನಕ ಹಸಿಯಲ್ಲಿ ಜಾಸ್ತಿ, ಇಂಗಾಲ ಎಲೆಯಲ್ಲಿ ಜಾಸ್ತಿ, ಎರಡೂ ಸೇರಿದರೇ ಕೊಳೆಸುವ ಜೀವಾಣುಗಳಿಗೆ ಊಟ. ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ, ಒಂದು ಹಿಡಿ ಹಳೇ ಗೊಬ್ಬರ. ನಾಲ್ಕು ದಿನಕ್ಕೊಮ್ಮೆ ಕೆದಕಬೇಕು. ಕೈಯಿಟ್ಟರೆ ಒಳಗೆ ಬೆಚ್ಚಗಿರುತ್ತೆ. ಎಣ್ಣೆ, ಅನ್ನ, ಮೂಳೆ ಹಾಕುವುದಿಲ್ಲ. ಮೂರು ತಿಂಗಳಿಗೆ ಆದ ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತೆ, ಬೆರಳಲ್ಲಿ ತಟ್ಟಿದರೆ ಉದುರುತ್ತೆ. ಅಷ್ಟಾದರೆ ಹದ ಬಂತು ಅಂತ ಲೆಕ್ಕ.

ಒಂದು ತಮಾಷೆ ಹೇಳಬೇಕು. ಹೊಲಿದು ಮಿಕ್ಕ ಹತ್ತಿ ಬಟ್ಟೆ ಚೂರುಗಳನ್ನೂ ಹೋದ ಸಲ ಸೇರಿಸಿದ್ದೆ. ಜರಡಿ ಹಿಡಿದಾಗ ಬಟ್ಟೆ ಮಾಯ, ಅಂಚಿನ ದಾರ ಮಾತ್ರ ಹೊಲಿಗೆ ಹೇಗಿತ್ತೋ ಹಾಗೇ ಇತ್ತು! ಪಾಲಿಯೆಸ್ಟರ್ ದಾರ ಅಲ್ವಾ, ಕೊಳೆಯುವುದಿಲ್ಲ. ನನ್ನ ಹೊಲಿಗೆ ಗಟ್ಟಿ ಅಂತ ಮಗಳಿಗೆ ಹೇಳಿ ನಗಿಸಿದೆ. ಈಗ ದಾರ ಬಿಚ್ಚಿಯೇ ಹಾಕುತ್ತೇನೆ.

ಈಗ ಎಲೆಯ ವಿಷಯಕ್ಕೆ ಬರುತ್ತೇನೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ಮೈಸೂರಿನಲ್ಲಿ ಅದೇ ಹೊತ್ತಿಗೆ ಮರಗಳು ಎಲೆ ಉದುರಿಸುತ್ತವೆ. ಬಾದಾಮಿ ಮರ ಮೊದಲು, ಆಮೇಲೆ ಹೊಂಗೆ, ಮಳೆಮರ. ಗೊಬ್ಬರಕ್ಕೆ ಮಳೆಮರದ್ದು ಬಂಗಾರ, ಪುಡಿ ಮಾಡುವ ಕೆಲಸವೂ ಇಲ್ಲ. ಬಾದಾಮಿ ಎಲೆ ಚಪ್ಪಲಿಯಷ್ಟು ದಪ್ಪ, ಅದನ್ನು ಹರಿದೇ ಹಾಕಬೇಕು. ವರ್ಷಕ್ಕಾಗುವಷ್ಟು ಎಲೆ ಈ ಒಂದೂವರೆ ತಿಂಗಳಲ್ಲಿ ಬೀಳುತ್ತೆ. ಈಗ ಕೂಡಿಟ್ಟರೆ ಮಳೆಗಾಲಕ್ಕೂ ಆಯ್ತು. ಮಳೆಯಲ್ಲಿ ಒಣ ಎಲೆ ಹುಡುಕಿದರೆ ಎಲ್ಲಿಂದ ಸಿಗುತ್ತೆ?

ಎಲೆ ಬೇಕಾಗಿರುವುದು ಗೊಬ್ಬರಕ್ಕೆ ಮಾತ್ರ ಅಲ್ಲ, ಗಿಡದ ಬುಡಕ್ಕೆ ಹೊದಿಸಲೂ ಬೇಕು. ಬೆಂಡೆ, ಸೌತೆ, ದಂಟು ಬಿತ್ತಲು ಇದೇ ಸಮಯ. ನಮ್ಮೂರಿನದೇ ಈರನಗೆರೆ ಬದನೆಯ ಎರಡು ಸಸಿ ಈ ಸಲ ಇಟ್ಟಿದ್ದೇನೆ, ಮನೆ ಬದನೆಯಲ್ಲಿ ವಾಂಗಿಬಾತ್ ಮಾಡಬೇಕು ಅಂತ ಆಸೆ. ಮಾರ್ಚ್ ಬಿಸಿಲಿಗೆ ಬಕೆಟ್ಟೇ ಕಾದು ಬೇರು ಬೇಯುತ್ತೆ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಎಲೆ ಹೊದಿಸಿದ ಮೇಲೆ ನಾನು ದಿನಕ್ಕೆ ಎರಡು ಸಲ ನೀರು ಹಾಕುವುದು ಬಿಟ್ಟು ಒಂದು ಸಲ ಮಾಡಿದ್ದೇನೆ. ನಲ್ಲಿ ನೀರು ಎಣಿಸಿ ಬಳಸುವವರಿಗೆ ಇದು ಸಣ್ಣ ಮಾತಲ್ಲ.

ಇಂಥದ್ದನ್ನು ಸುಮ್ನೆ ಸುಡುವುದು. ಹಿಡಿ ಬೂದಿ ಬಿಟ್ಟರೆ ಮಿಕ್ಕಿದ್ದೆಲ್ಲ ಹೊಗೆಯಾಗಿ ನಮ್ಮ ಎದೆಯೊಳಗೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಬೀದಿ ಗುಡಿಸಿದ ಎಲೆ ಸುಡಬಾರದು, ಬೇರೆ ಇಟ್ಟು ಒಪ್ಪಿಸಬೇಕು ಅಂತ ಬರೆದೇ ಇತ್ತು. ಮಗಳು ಫೋನಿನಲ್ಲಿ ತೆಗೆದು ಓದಿ ಹೇಳಿದಳು. ಅದೇ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲು ಬಂದಿತ್ತು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಹಸಿ ಕಸ ಗೊಬ್ಬರವಾಗುವುದನ್ನು ವರ್ಷಗಳಿಂದ ಕೇಳುತ್ತಿದ್ದೇವೆ. ದಾರಿ ಗೊತ್ತಿಲ್ಲದ ಊರಲ್ಲ ಇದು.

ಗುಡಿಸುವವರನ್ನು ಬೈಯಲು ನನಗೆ ಮನಸ್ಸಿಲ್ಲ. ನಮ್ಮ ಬೀದಿಗೆ ಬರುವ ಅಕ್ಕ ನನಗಾಗಿ ವಾರಕ್ಕೊಂದು ಚೀಲ ತುಂಬಿ ಗೇಟಿನ ಪಕ್ಕ ಇಡುತ್ತಾರೆ. 'ಗಾಡೀಲಿ ಕಸಕ್ಕೇ ಜಾಗ ಇಲ್ಲ, ಎಲೆ ಎಲ್ಲಿ ಹಾಕನವ್ವ?' ಅನ್ನುತ್ತಾರೆ. ಕೇಳುವುದು ಸರಿಯೇ. ಅದಕ್ಕೇ ನಗರ ಪಾಲಿಕೆಯವರಿಗೆ ನನ್ನ ಬೇಡಿಕೆ ಒಂದೇ: ಪ್ರತಿ ಬಡಾವಣೆಯ ಪಾರ್ಕಿನ ಒಂದು ಮೂಲೆಯಲ್ಲಿ ನಾಲ್ಕಡಿ ಚೌಕದ ತಂತಿ ಜಾಲರಿಯ ಗೂಡು ಮಾಡಿಕೊಡಿ. ಗುಡಿಸಿದ ಎಲೆ ಅಲ್ಲಿಗೆ ಬರಲಿ. ಬೇಕಾದವರು ಚೀಲ ತಂದು ತುಂಬಿಕೊಂಡು ಹೋಗುತ್ತಾರೆ. ಮಿಕ್ಕಿದ್ದರ ಮೇಲೆ ಆಗಾಗ ನೀರು ಚಿಮುಕಿಸಿದರೆ ಅಲ್ಲೇ ಕೊಳೆತು ಪಾರ್ಕಿನ ಗಿಡಗಳಿಗೇ ಆಗುತ್ತೆ.

ಹಾವು ಸೇರಿಕೊಳ್ಳುತ್ತೆ ಅಂತ ನಮ್ಮ ಓನರ್ ಆಂಟಿ ಆಗಲೇ ಹೇಳಿದರು. ಭಯ ಸುಳ್ಳಲ್ಲ. ಗೂಡು ಮಕ್ಕಳು ಆಡುವ ಕಡೆಯಿಂದ ದೂರ ಇರಲಿ, ಎಲೆ ತುಂಬುವವರು ಕೈ ಹಾಕದೆ ಕೋಲು, ಮೊರ ಬಳಸಲಿ. ಬೀಡಿ ಸೇದುವವರ ಕೈಗೆ ಸಿಗದಂತೆ ಬಾಗಿಲಿಗೊಂದು ಚಿಲಕವೂ ಇರಲಿ. ಅಂದಹಾಗೆ, ಅಂದು ನನ್ನನ್ನು ಬೈದ ಅದೇ ಆಂಟಿ ಈಗ ಗುಲಾಬಿ ಕುಂಡಕ್ಕೆ ನನ್ನ ಹತ್ತಿರ ಗೊಬ್ಬರ ಕೇಳಿ ಒಯ್ಯುತ್ತಾರೆ.

ನಮ್ಮ ಬೀದಿಯ ಹೊಂಗೆ ಇನ್ನೂ ಅರ್ಧ ಉದುರಿದೆ ಅಷ್ಟೇ, ಇನ್ನೆರಡು ಮೂರು ವಾರ ಉದುರುತ್ತೆ. ಗೂಡು ಬರುವವರೆಗೆ ಮೆಟ್ಟಿಲ ಕೆಳಗೆ ನಾಲ್ಕು ಚೀಲ ಇಟ್ಟುಕೊಳ್ಳಲು ಆಂಟಿ ಒಪ್ಪಿದ್ದಾರೆ. ಮೂರು ತುಂಬಿವೆ.

— ಮನೆಯಲ್ಲೇ ಬಟ್ಟೆ ಹೊಲಿಯುವ ಓದುಗಿ, ಮೈಸೂರು