ದನಿ ಮುಳುಗಿದರೆ ಮೊದಲು ಗಿಟಾರ್ ನೋಡಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿಕೊಳ್ಳುವವರಿಗಾಗಿ ನಿಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ ಒಳ್ಳೆಯ ಮಾತುಗಳಿವೆ. ಆದರೆ ಗಿಟಾರಿನ ನಡುವೆ ದನಿ ಮುಳುಗಿದರೆ ದನಿಯ 3 ಕಿಲೋಹರ್ಟ್ಸ್ (ಸೆಕೆಂಡಿಗೆ 3,000 ಕಂಪನ) ಭಾಗವನ್ನು ಏರಿಸಿ ಎಂಬ ಸಲಹೆಯನ್ನು ತಿದ್ದಬೇಕು. ಹಾಗೆ ಮಾಡಿದರೆ ದನಿ ಮುಂದೆ ಬರುವುದಕ್ಕಿಂತ ಮೊದಲು ಕಿವಿಗೆ ಚುಚ್ಚುತ್ತದೆ. ಸ, ಶ, ಚ ಅಕ್ಷರಗಳು ಸೀಳಿದಂತೆ ಕೇಳುತ್ತವೆ. ಮುಳುಗಲು ಕಾರಣ ಹೆಚ್ಚಿನ ಸಲ ದನಿಯಲ್ಲಿ ಇರುವುದೇ ಇಲ್ಲ. ಅದು ಗಿಟಾರಿನಲ್ಲಿ, ಅದರಲ್ಲೂ ಗಿಟಾರಿಗೆ ಮೈಕ್ ಇಟ್ಟ ಜಾಗದಲ್ಲಿ ಇರುತ್ತದೆ.

ಅಕೂಸ್ಟಿಕ್ ಗಿಟಾರಿನ ಅತಿ ದಪ್ಪ ತಂತಿ 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ದೊಡ್ಡ ಗಿಟಾರಿನ ಒಡಲೊಳಗಿನ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ, ಮೇಲಿನ ಹಲಗೆ 200 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತವೆ. ದನಿಯ ಮೈತುಂಬಿದ ಭಾಗ ಇರುವುದೂ ಅಲ್ಲೇ. ಇನ್ನು ಹಾಡಿನ ಮಾತು ಸ್ಪಷ್ಟವಾಗುವುದು 2ರಿಂದ 4 ಕಿಲೋಹರ್ಟ್ಸ್ ನಡುವೆ. ಪಿಕ್ ತಂತಿಯನ್ನು ಕೆರೆಯುವ ಸದ್ದೂ ಅಲ್ಲಿಗೇ ಬಂದು ಕೂರುತ್ತದೆ. ಅಂದರೆ ಇಬ್ಬರ ಜಗಳ ಎರಡು ಕಡೆ. ದನಿಯನ್ನು ಏರಿಸಿದರೆ ಜಗಳ ಜೋರಾಗುತ್ತದೆ, ಅಷ್ಟೆ.

ಮೈಕನ್ನು ಸೌಂಡ್‌ಹೋಲ್‌ಗೆ ನೇರ ಹಿಡಿಯುವುದು ಎಲ್ಲರೂ ಮೊದಲು ಮಾಡುವ ಕೆಲಸ. ಸದ್ದು ಅಲ್ಲಿಂದ ತಾನೇ ಬರುವುದು ಎಂಬ ಲೆಕ್ಕ. ಅಲ್ಲಿಂದ ಬರುವುದು ಮುಖ್ಯವಾಗಿ ಆ 100 ಹರ್ಟ್ಸ್‌ನ ಗುಮ್ಮೆನ್ನುವ ಗಾಳಿ. ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಎದುರಿನ ಸದ್ದನ್ನು ಹಿಡಿಯುವಂಥದ್ದು) ಹತ್ತಿರದ ಸದ್ದಿನ ಕೆಳದನಿಯನ್ನು ಮತ್ತೂ ಉಬ್ಬಿಸುವುದರಿಂದ ಗುಮ್ಮು ಇಮ್ಮಡಿಯಾಗುತ್ತದೆ. ಮೈಕನ್ನು 12ನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹಪಟ್ಟಿ) ಎದುರಿಗೆ, 25ರಿಂದ 30 ಸೆಂಟಿಮೀಟರ್ ದೂರದಲ್ಲಿಟ್ಟು, ಕುತ್ತಿಗೆ ಒಡಲನ್ನು ಸೇರುವ ಜಾಗದತ್ತ ತುಸು ತಿರುಗಿಸಿ. ತೆಳುವಾಗಿ ಕೇಳಿದರೆ ಸೌಂಡ್‌ಹೋಲ್ ಕಡೆಗೆ ಎರಡು ಬೆರಳಿನಷ್ಟು ಸರಿಸಿ, ಹೆಚ್ಚು ಬೇಡ. ಈ ಎರಡು ಬೆರಳು ಆಮೇಲೆ ಸದ್ದು ತಿದ್ದುವ ಯಾವ ಸಾಫ್ಟ್‌ವೇರ್ ಪ್ಲಗಿನ್ನಿನಿಂದಲೂ ಸಿಗುವುದಿಲ್ಲ. ಹಾಡುವ ಮೈಕ್ ಬಾಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿರಲಿ, ನಡುವೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್. ರೆಕಾರ್ಡಿಂಗ್ 24 ಬಿಟ್‌ನಲ್ಲಿದ್ದರೆ ಮಟ್ಟವನ್ನು ಕೆಂಪುಗೆರೆಯ ತನಕ ಒಯ್ಯುವ ಅಗತ್ಯವೇ ಇಲ್ಲ. ಅತಿ ಜೋರಾದ ಸಾಲು ಮೈನಸ್ 10 ಡೆಸಿಬೆಲ್ ಮುಟ್ಟಿದರೆ ಸಾಕು.

ಲೇಖನ ಮುಟ್ಟದೇ ಬಿಟ್ಟ ವಿಷಯವೆಂದರೆ ನುಡಿಸುತ್ತಲೇ ಹಾಡುವವರ ಪಾಡು. ಹಾಡುವ ಮೈಕಿನೊಳಗೆ ಗಿಟಾರ್, ಗಿಟಾರ್ ಮೈಕಿನೊಳಗೆ ದನಿ ನುಗ್ಗುತ್ತವೆ. ಶಬ್ದ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಬಾಯಿಂದ ಒಂದು ಮೈಕಿಗೂ ಇನ್ನೊಂದಕ್ಕೂ ಇರುವ ದೂರದಲ್ಲಿ ಅಷ್ಟು ವ್ಯತ್ಯಾಸವಿದ್ದರೆ, ಎರಡೂ ಟ್ರ್ಯಾಕ್ ಕೂಡಿದಾಗ ತಡವಾಗಿ ಬಂದ ಅಲೆ ಮೊದಲಿನದನ್ನು ಅಳಿಸಿ, ದನಿಯಲ್ಲಿ 500, 1500, 2500 ಹರ್ಟ್ಸ್ ಹೀಗೆ ಸಾಲಾಗಿ ಹಳ್ಳ ಬೀಳುತ್ತವೆ. ಒಂದೊಂದೇ ಟ್ರ್ಯಾಕ್ ಕೇಳಿದಾಗ ಚೆನ್ನಾಗಿದ್ದ ದನಿ, ಎರಡೂ ಸೇರಿದ ಕೂಡಲೇ ಕೊಳವೆಯೊಳಗಿಂದ ಬಂದಂತೆ ಕೇಳುವುದು ಇದಕ್ಕೇ. ಬೇಕಾದ ಹರ್ಟ್ಸ್ ಭಾಗವನ್ನಷ್ಟೇ ಏರಿಳಿಸುವ ಈಕ್ವಲೈಸರಿನಲ್ಲಿ ಈ ಹಳ್ಳ ತುಂಬಲು ಹೊರಟರೆ ಇಡೀ ರಾತ್ರಿ ಹೋಗುತ್ತದೆ, ಹಳ್ಳ ಹಾಗೇ ಇರುತ್ತದೆ.

ಮಾಡಬೇಕಾದದ್ದು ಮೈಕಿನ ಕಿವುಡು ಬದಿಯನ್ನು ಬಳಸಿಕೊಳ್ಳುವುದು. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನು ಕಿವುಡು. ಹಾಡುವ ಮೈಕನ್ನು ಬಾಯಿಗಿಂತ ತುಸು ಕೆಳಗಿಟ್ಟು ಮೇಲ್ಮುಖ ಮಾಡಿದರೆ ಅದರ ಬೆನ್ನು ಗಿಟಾರಿನತ್ತ ಇರುತ್ತದೆ. ಮೇಲಿನಿಂದ ಕೆಳಮುಖವಾಗಿ ತೂಗುಹಾಕಿದರೆ ಬಾಯಿಯ ಹಿಂದೆಯೇ ಗಿಟಾರನ್ನೂ ಕೇಳಿಸಿಕೊಳ್ಳುತ್ತದೆ. ಹಿಂದೆ ಮುಂದೆ ಎರಡೂ ಕಡೆ ಕೇಳಿಸಿಕೊಳ್ಳುವ ಫಿಗರ್-8 ಮೈಕ್ ಇದ್ದರೆ ಇನ್ನೂ ಒಳ್ಳೆಯದು, ಅದರ ಪಕ್ಕಗಳು ಬಹುಮಟ್ಟಿಗೆ ಪೂರ್ತಿ ಕಿವುಡು. ಆಮೇಲೆ ಮಿಕ್ಸ್‌ನಲ್ಲಿ, ಅಂದರೆ ಟ್ರ್ಯಾಕುಗಳನ್ನು ಹೊಂದಿಸಿ ಕೂಡಿಸುವಾಗ, ಒಂದು ಟ್ರ್ಯಾಕಿನ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿ ಒತ್ತಿ, ಬಿಟ್ಟು, ಎರಡೂ ಸ್ಥಿತಿಯಲ್ಲಿ ಕೇಳಿ. ದನಿ ಹೆಚ್ಚು ತುಂಬಿಕೊಂಡು ಕೇಳುವ ಸ್ಥಿತಿಯನ್ನೇ ಉಳಿಸಿಕೊಳ್ಳಿ. ಹೀಗೆ ಒಟ್ಟಿಗೆ ಮುದ್ರಿಸಿದ ದನಿಗೆ ಶ್ರುತಿ ತಿದ್ದುವ ಸಾಫ್ಟ್‌ವೇರ್ ಹಾಕಲು ಹೋಗಬೇಡಿ: ಗಿಟಾರ್ ಮೈಕಿನೊಳಗೆ ಹೊಕ್ಕ ದನಿ ತಿದ್ದುಪಡಿಯಾಗದೆ ಉಳಿದಿರುತ್ತದೆ, ಇಬ್ಬರು ಹಾಡಿದಂತೆ ಕೇಳುತ್ತದೆ. ಶ್ರುತಿ ತಪ್ಪಿದ ಸಾಲನ್ನು ಮತ್ತೆ ಹಾಡುವುದೇ ಹತ್ತಿರದ ದಾರಿ.

ಮಿಕ್ಸ್ ಶುರುಮಾಡುವಾಗ ಪ್ಲಗಿನ್ ಒಂದನ್ನೂ ತೆರೆಯದೆ, ಮೊನೊದಲ್ಲಿ (ಎಡಬಲ ಒಂದಾಗಿ), ಮೆಲುದನಿಯಲ್ಲಿ ಫೇಡರ್, ಅಂದರೆ ಪ್ರತಿ ಟ್ರ್ಯಾಕಿನ ಮಟ್ಟದ ಗುಂಡಿ, ಹೊಂದಿಸಿ. ಮೊದಲು ದನಿ, ಅದರಡಿಗೆ ಗಿಟಾರ್. ವಾಲ್ಯೂಮ್ ಬದಲಾದಂತೆ ಕಿವಿಯ ತೂಕವೇ ಬದಲಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಜೋರಾಗಿ ಕೇಳಿದರೆ ಕೆಳದನಿ ತುಂಬಿಕೊಂಡು ಎಲ್ಲವೂ ಚೆಂದ ಅನಿಸುತ್ತದೆ. ಪಿಸುಮಾತಿನ ಮಟ್ಟದಲ್ಲಿ ಹಾಡಿನ ಪ್ರತಿ ಪದ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಈಕ್ವಲೈಸರ್ ಈಗ ಬರಲಿ, ಮೊದಲು ಗಿಟಾರಿಗೆ. ಕೆಳದನಿಯನ್ನು ಕತ್ತರಿಸುವ ಹೈಪಾಸ್ ಫಿಲ್ಟರನ್ನು 80 ಹರ್ಟ್ಸ್‌ನಿಂದ ಮೆಲ್ಲಗೆ ಏರಿಸುತ್ತಾ ಹೋಗಿ. ಗಿಟಾರ್ ಬಡಕಲಾದಂತೆ ಅನಿಸಿದ ಕೂಡಲೇ ಒಂದಿಷ್ಟು ಹಿಂದೆ ಬನ್ನಿ. ಬೇರೆ ವಾದ್ಯವಿಲ್ಲದ ಹಾಡಿನಲ್ಲಿ 100 ಹರ್ಟ್ಸ್ ದಾಟುವುದು ಅಪರೂಪ, ಏಕೆಂದರೆ ಕೆಳಗಿನ ಆಧಾರ ಕೊಡುವುದು ಗಿಟಾರ್ ಒಂದೇ. ಬಳಿಕ 180ರಿಂದ 250ರ ನಡುವೆ ಗುಮ್ಮೆನ್ನುವ ಜಾಗ ಹುಡುಕಿ 3 ಡೆಸಿಬೆಲ್ ಇಳಿಸಿ. ಅದನ್ನು ದನಿಯ ಜೊತೆಗೇ ಕೇಳುತ್ತಾ ಮಾಡಬೇಕು. ಸೋಲೋ ಗುಂಡಿ ಒತ್ತಿ ಗಿಟಾರ್ ಒಂದನ್ನೇ ಚೆಂದ ಮಾಡಲು ಹೊರಟರೆ ಕತ್ತರಿಸಿದ್ದನ್ನೆಲ್ಲ ವಾಪಸ್ ಹಾಕಿಬಿಡುತ್ತೀರಿ. ಕೊನೆಗೆ 2.5ರಿಂದ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಗಿಟಾರನ್ನು ಅಗಲವಾಗಿ 2 ಡೆಸಿಬೆಲ್ ಇಳಿಸಿ. ಲೇಖನ ದನಿಯಲ್ಲಿ ಏರಿಸಲು ಹೇಳಿದ ಜಾಗವೇ ಇದು. ಡೈನಮಿಕ್ ಈಕ್ಯೂ (ಸದ್ದಿಗೆ ತಕ್ಕಂತೆ ತಾನೇ ಏರಿಳಿಯುವ ಈಕ್ವಲೈಸರ್) ಇದ್ದರೆ ಅದಕ್ಕೆ ದನಿಯಿಂದ ಸೈಡ್‌ಚೈನ್ ಕೊಡಿ, ಅಂದರೆ ದನಿಯೇ ಅದನ್ನು ನಡೆಸುವಂತೆ ಮಾಡಿ. ಹಾಡುವಾಗ ಮಾತ್ರ ಇಳಿದು, ನಡುವಿನ ಗಿಟಾರ್ ತುಣುಕುಗಳಲ್ಲಿ ಹೊಳಪು ಮರಳುತ್ತದೆ. ದನಿಗೆ 80ರಿಂದ 100 ಹರ್ಟ್ಸ್‌ನ ಹೈಪಾಸ್ ಸಾಕು. ಸಕಾರ ಚುಚ್ಚಿದರೆ 5ರಿಂದ 8 ಕಿಲೋಹರ್ಟ್ಸ್ ಮೇಲೆ ಆ ಚುಚ್ಚನ್ನಷ್ಟೇ ತಗ್ಗಿಸುವ ಡಿ-ಎಸ್ಸರ್.

ಜೋರಾದ ಸದ್ದನ್ನು ತಾನೇ ತಗ್ಗಿಸುವ ಕಂಪ್ರೆಸರ್ ಹಾಕುವ ಮುನ್ನ ದನಿಯ ಸಾಲುಗಳನ್ನು ಕೈಯಿಂದಲೇ ಏರಿಳಿಸಿ ಸಮ ಮಾಡಿ. ಬೇಸರದ ಕೆಲಸ ನಿಜ, ಆದರೆ ಅದನ್ನು ತಪ್ಪಿಸಿದರೆ ಕಂಪ್ರೆಸರ್ ಜೋರಾದ ಸಾಲನ್ನು ಹಿಂಡಿ, ಮೆಲ್ಲನೆಯದನ್ನು ಮುಟ್ಟದೇ ಬಿಡುತ್ತದೆ. ಬಳಿಕ 3:1 ಅನುಪಾತ (ಮಿತಿ ಮೀರಿದ 3 ಡೆಸಿಬೆಲ್ 1 ಆಗುವಂತೆ), 10ರಿಂದ 20 ಮಿಲಿಸೆಕೆಂಡ್ ಅಟ್ಯಾಕ್ (ಹಿಂಡಲು ಹಿಡಿಯುವ ಹೊತ್ತು), 80 ಮಿಲಿಸೆಕೆಂಡ್ ಸುಮಾರಿನ ರಿಲೀಸ್ (ಬಿಡಲು ಹಿಡಿಯುವ ಹೊತ್ತು). ಸೂಜಿ 3ರಿಂದ 5 ಡೆಸಿಬೆಲ್‌ಗಿಂತ ಹೆಚ್ಚು ಇಳಿಯದಿರಲಿ. 6 ಡೆಸಿಬೆಲ್ ಹಿಂಡಿ ಮತ್ತೆ ಅಷ್ಟನ್ನೇ ಮೇಲೆತ್ತಿದರೆ ಫ್ಯಾನಿನ ಸದ್ದು, ಹೆಡ್‌ಫೋನಿನಿಂದ ಸೋರಿದ ಕ್ಲಿಕ್, ಕೋಣೆಯ ಮಾರ್ದನಿ ಎಲ್ಲವೂ 6 ಡೆಸಿಬೆಲ್ ಮೇಲೇರುತ್ತವೆ. ಗಿಟಾರಿಗೆ 2:1 ಸಾಕು, ಅಟ್ಯಾಕ್ 30 ಮಿಲಿಸೆಕೆಂಡ್. ಅದಕ್ಕಿಂತ ಚುರುಕಾದರೆ ಪಿಕ್ಕಿನ ಮೊದಲ ಮಿಡಿತವೇ ಚಪ್ಪಟೆಯಾಗುತ್ತದೆ.

ರಿವರ್ಬ್, ಅಂದರೆ ಕೃತಕ ಮಾರ್ದನಿಯ ಬಗ್ಗೆ ಲೇಖನ ಹೇಳಿದ್ದು ಸರಿಯಾಗಿದೆ. ಒಂದು ಸೇರ್ಪಡೆ: 30 ಮಿಲಿಸೆಕೆಂಡಿನಷ್ಟು ಪ್ರಿ-ಡಿಲೇ (ಮಾರ್ದನಿ ಶುರುವಾಗುವ ಮುನ್ನಿನ ತಡ) ಕೊಟ್ಟು, ರಿವರ್ಬಿನ ದಾರಿಯಲ್ಲೂ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಇಲ್ಲದಿದ್ದರೆ ಗಿಟಾರಿನಿಂದ ತೆಗೆದ ಮಸುಕು ಹಿಂಬಾಗಿಲಿನಿಂದ ಒಳಬರುತ್ತದೆ.

ಗಿಟಾರನ್ನು ಅಗಲ ಮಾಡಲು ಅದೇ ಟ್ರ್ಯಾಕನ್ನು ಕಾಪಿ ಮಾಡಿ 15 ಮಿಲಿಸೆಕೆಂಡ್ ತಡವಾಗಿಸಿ ಎಡಬಲಕ್ಕೆ ಹಾಕಿ ಎಂದಿರುವುದನ್ನಂತೂ ಒಪ್ಪಲಾಗದು. ಹೆಡ್‌ಫೋನಿನಲ್ಲಿ ಅದು ಸೊಗಸಾಗಿ ಕೇಳುತ್ತದೆ. ಒಂದೇ ಸ್ಪೀಕರಿನ ಫೋನಿನಲ್ಲಿ ಎಡಬಲ ಕೂಡಿದ ಕ್ಷಣ, ಮೈಕ್‌ಗಳ ವಿಚಾರದಲ್ಲಿ ಹೇಳಿದ ಅದೇ ಹಳ್ಳಗಳು ಇನ್ನೂ ಒತ್ತೊತ್ತಾಗಿ ಬೀಳುತ್ತವೆ. ಅಗಲ ಬೇಕೆಂದರೆ ಅದೇ ಭಾಗವನ್ನು ಎರಡನೇ ಸಲ ನುಡಿಸಿ ಮುದ್ರಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಪ್ಯಾನ್ ಮಾಡಿ. ನುಡಿಸಾಣಿಕೆಯ ಸಣ್ಣಪುಟ್ಟ ವ್ಯತ್ಯಾಸ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಹಳ್ಳ ಒಂದೇ ಕಡೆ ನಿಲ್ಲುವುದಿಲ್ಲ, ದನಿಗೂ ನಡುವೆ ಜಾಗ ಸಿಗುತ್ತದೆ. ನುಡಿಸುತ್ತಲೇ ಹಾಡಿದ ಮುದ್ರಣಕ್ಕೆ ಈ ಉಪಾಯ ಒಗ್ಗುವುದಿಲ್ಲ. ಅಲ್ಲಿ ಗಿಟಾರನ್ನು ನಡುವಿನಲ್ಲೇ ಬಿಟ್ಟು ಅಗಲವನ್ನು ರಿವರ್ಬಿಗೆ ವಹಿಸಿ.

ಲೇಖನದ ಮುಂದಿನ ಕಂತು ಬರುವುದಿದ್ದರೆ ದನಿಯನ್ನು 3 ಕಿಲೋಹರ್ಟ್ಸ್‌ನಲ್ಲಿ ಏರಿಸುವ, ಗಿಟಾರ್ ಟ್ರ್ಯಾಕನ್ನು ಕಾಪಿ ಮಾಡಿ ತಡವಾಗಿಸುವ ಈ ಎರಡು ಸಲಹೆಗಳ ತಿದ್ದುಪಡಿಯನ್ನು ಅದರಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಧ್ವನಿಮುದ್ರಣ ವೃತ್ತಿಯಲ್ಲಿರುವ ಓದುಗ