ಬಂಧನಕ್ಕೆ ಲೆಕ್ಕವಿದೆ, ಚಿಕಿತ್ಸೆಗೆ ಲೆಕ್ಕವಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಬಾಲನ್ಯಾಯ ವ್ಯವಸ್ಥೆಯಲ್ಲಿನ ಜನಾಂಗೀಯ ತಾರತಮ್ಯದ ಮಾತು ಬಂದಾಗಲೆಲ್ಲ ಬಂಧನದ ಅಂಕಿಅಂಶವೇ ಮುಂದೆ ಬರುತ್ತದೆ. ಬಿಳಿಯ ಮಕ್ಕಳಿಗೆ ಹೋಲಿಸಿದರೆ ಕಪ್ಪು ಮಕ್ಕಳು ಬಂಧನಾಲಯ ಸೇರುವ ಪ್ರಮಾಣ ನಾಲ್ಕು ಪಟ್ಟಿಗೂ ಹೆಚ್ಚು, ನಿಜ. ಆದರೆ ಒಳಗೆ ಹೋದ ಮೇಲೆ ಯಾರ ಸಂಕಟ ಕಾಯಿಲೆ ಎನಿಸಿಕೊಳ್ಳುತ್ತದೆ, ಯಾರದು ಪುಂಡಾಟವಾಗಿ ದಾಖಲಾಗುತ್ತದೆ ಎಂಬುದು ಚರ್ಚೆಯಾಗುವುದು ಅಪರೂಪ.

ಷಿಕಾಗೋದ ಕುಕ್ ಕೌಂಟಿ ಬಾಲಬಂಧನ ಕೇಂದ್ರಕ್ಕೆ 1995–98ರಲ್ಲಿ ದಾಖಲಾದ 1,829 ಮಕ್ಕಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಲಿಂಡಾ ಟೆಪ್ಲಿನ್ ತಂಡ ಸಂದರ್ಶಿಸಿತ್ತು. ತೀವ್ರ ಮನೋರೋಗದಿಂದ ದಿನನಿತ್ಯದ ಬದುಕೇ ಹದಗೆಟ್ಟಿದ್ದ ಮಕ್ಕಳಲ್ಲೂ ಕೇಂದ್ರದೊಳಗೆ ಚಿಕಿತ್ಸೆ ಸಿಕ್ಕಿದ್ದು ಶೇ 15.4ರಷ್ಟು ಮಂದಿಗೆ ಮಾತ್ರ. ಇಷ್ಟು ಕಡಿಮೆ ಇದ್ದಾಗ, ಯಾರಿಗೆ ಕೊಡಬೇಕು ಎಂದು ತೀರ್ಮಾನಿಸುವವರ ಕಣ್ಣೇ ಎಲ್ಲವನ್ನೂ ನಿರ್ಧರಿಸುತ್ತದೆ.

ಮೊದಲ ಹಂತ ಕೇಂದ್ರಕ್ಕೆ ಬಂದ ಒಂದೆರಡು ದಿನದೊಳಗೆ ನಡೆಯುವ ತಪಾಸಣೆ. ಹೆಚ್ಚಾಗಿ ಬಳಕೆಯಲ್ಲಿರುವುದು 'ಮೇಸಿ-2' ಎಂಬ ಪ್ರಶ್ನಾವಳಿ: ಹೌದು/ಇಲ್ಲ ಎಂದು ಉತ್ತರಿಸುವ 52 ಪ್ರಶ್ನೆ, ಹತ್ತು ಹದಿನೈದು ನಿಮಿಷದ ಕೆಲಸ. ಆತ್ಮಹತ್ಯೆಯ ಯೋಚನೆ, ಖಿನ್ನತೆ–ಆತಂಕ, ಸಿಟ್ಟು, ಮಾದಕವಸ್ತು, ಆಘಾತದ ಅನುಭವ ಹೀಗೆ ಬೇರೆ ಬೇರೆ ಅಂಕ ಬರುತ್ತದೆ. ಸಾಧನ ಚೆನ್ನಾಗಿಯೇ ಇದೆ. ಕೆಡುವುದು ಅದನ್ನು ಬಳಸುವ ರೀತಿಯಲ್ಲಿ. ಬಟ್ಟೆ ಬಿಚ್ಚಿಸಿ ಶೋಧಿಸಿದ ಸಿಬ್ಬಂದಿಯೇ, ಪಕ್ಕದವರಿಗೆ ಕೇಳಿಸುವಂತೆ 'ಸಾಯಬೇಕು ಅನಿಸಿದೆಯಾ?' ಎಂದರೆ ಯಾವ ಹುಡುಗ ಹೌದು ಅಂದಾನು? ಪೊಲೀಸರ ಕೈಯಲ್ಲಿ ಪದೇ ಪದೇ ಸಿಕ್ಕಿಬಿದ್ದ ಬಡಾವಣೆಯ ಮಗುವಿಗಂತೂ ಬಾಯಿಬಿಟ್ಟರೆ ಕೇಸಿಗೆ ಸೇರಿಸುತ್ತಾರೆಂಬ ಭಯ. ಆದ್ದರಿಂದ ಉತ್ತರಗಳನ್ನು ಆರೋಪ ಸಾಬೀತಿಗೆ ಬಳಸುವುದಿಲ್ಲ ಎಂಬ ಲಿಖಿತ ನಿಯಮವಿರಬೇಕು, ಅದನ್ನು ಮಗುವಿಗೆ ಮೊದಲೇ ಹೇಳಬೇಕು. ಸ್ಪ್ಯಾನಿಷ್ ಮಾತಾಡುವವರಿಗೆ ಸ್ಪ್ಯಾನಿಷ್ ಆವೃತ್ತಿಯನ್ನೇ ಕೊಡಬೇಕು. ಸ್ಥಳದಲ್ಲೇ ಸಿಬ್ಬಂದಿ ಮಾಡುವ ಅರೆಬರೆ ಅನುವಾದ ನಡೆಯದು.

ಅಂಕ ಬಂದ ಮೇಲೆ ಅದನ್ನು ಓದುವವರ ಸರದಿ. ತಾರತಮ್ಯ ಹೆಚ್ಚಾಗಿ ಒಳನುಸುಳುವುದು ಇಲ್ಲಿ. ಆಘಾತಕ್ಕೊಳಗಾದ ಹುಡುಗ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾನೆ, ರಾತ್ರಿ ನಿದ್ದೆ ಮಾಡುವುದಿಲ್ಲ, ಹಿಂದಿನಿಂದ ಯಾರಾದರೂ ಭುಜ ಮುಟ್ಟಿದರೆ ಥಟ್ಟನೆ ತಿರುಗಿ ಕೈ ಎತ್ತುತ್ತಾನೆ. ವರದಿಯಲ್ಲಿ ಉಳಿಯುವುದು 'ಸಿಬ್ಬಂದಿ ಮೇಲೆ ಹಲ್ಲೆಗೆ ಯತ್ನ' ಎಂಬ ಒಂದು ಸಾಲು. ಅದಕ್ಕೆ ಶಿಕ್ಷೆಯಾಗಿ ಕೋಣೆಯಲ್ಲಿ ಒಂಟಿ ಬಂಧನ, ಆಪ್ತಸಮಾಲೋಚನೆಯೂ ತಪ್ಪಿತು. ಬ್ರಿಡ್ಜಸ್ ಮತ್ತು ಸ್ಟೀನ್ ಎಂಬ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗುವಿನ ಬಗ್ಗೆ ನ್ಯಾಯಾಲಯಕ್ಕೆ ಬರೆದುಕೊಡುವ ಪ್ರೊಬೇಷನ್ ಅಧಿಕಾರಿಗಳ ವರದಿಗಳನ್ನೇ ಪರಿಶೀಲಿಸಿದ್ದರು. ಬಿಳಿಯ ಮಕ್ಕಳ ಅಪರಾಧಕ್ಕೆ ಮನೆಯ, ಸುತ್ತಲಿನ ಪರಿಸ್ಥಿತಿ ಕಾರಣವೆಂದೂ ಕಪ್ಪು ಮಕ್ಕಳದಕ್ಕೆ ಅವರ ಸ್ವಭಾವವೇ ಕಾರಣವೆಂದೂ ಬರೆಯುವ ಒಲವು ಅಲ್ಲಿ ಎದ್ದು ಕಂಡಿತು. ಸ್ವಭಾವಕ್ಕೆ ಮದ್ದು ಬರೆಯುವವರು ಯಾರು?

ರೋಗದ ಹೆಸರಿನಲ್ಲೂ ಇದೇ ಕಥೆ. ಕಪ್ಪು ಮಕ್ಕಳಿಗೆ 'ಕಾಂಡಕ್ಟ್ ಡಿಸಾರ್ಡರ್' (ಪದೇ ಪದೇ ನಿಯಮ ಮುರಿಯುವ, ಇತರರಿಗೆ ಹಾನಿ ಮಾಡುವ ವರ್ತನೆಯ ಕಾಯಿಲೆ) ಎಂಬ ಹಣೆಪಟ್ಟಿ ಬೇಗ ಅಂಟುತ್ತದೆ, ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆಯಾದ ಎಡಿಎಚ್‌ಡಿ ಗುರುತಾಗುವುದು ಕಡಿಮೆ. ಮನೋರೋಗ ಗುರುತಿಸಲು ಅಮೆರಿಕದ ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಕಾಂಡಕ್ಟ್ ಡಿಸಾರ್ಡರ್‌ಗೆ 15 ವರ್ತನೆಗಳ ಪಟ್ಟಿಯಿದೆ. ಹನ್ನೆರಡು ತಿಂಗಳಲ್ಲಿ ಕನಿಷ್ಠ ಮೂರು ಕಂಡಿರಬೇಕು. ಹುಡುಗ ಮನೆ ಬಿಟ್ಟು ಓಡಿದ್ದು ಏಕೆ ಎಂದು ಪಟ್ಟಿ ಕೇಳುವುದಿಲ್ಲ. ಹಿಂಸೆಯೇ ಮಾಮೂಲಾದ ಪರಿಸರದಲ್ಲಿ ಈ ರೋಗನಿರ್ಣಯ ತಪ್ಪಾಗಿ ಅನ್ವಯವಾಗಬಹುದೆಂದು ಕೈಪಿಡಿಯೇ ಎಚ್ಚರಿಸಿದೆ, ಆದರೆ ಆ ಪುಟ ತಿರುವುವ ಪುರುಸೊತ್ತು ಯಾರಿಗಿದೆ! ಕನಿಷ್ಠ ಈ ಹೆಸರು ಬರೆಯುವ ಮುನ್ನ ಆಘಾತ, ಖಿನ್ನತೆ, ಎಡಿಎಚ್‌ಡಿ ಮೂರನ್ನೂ ಪರೀಕ್ಷಿಸಿ ಫಲಿತಾಂಶ ದಾಖಲಿಸಬೇಕು.

ಇನ್ನು ಹಣ. ಸರ್ಕಾರಿ ಬಂಧನದಲ್ಲಿರುವವರ ಚಿಕಿತ್ಸೆಗೆ ಬಡವರಿಗಾಗಿ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇಡ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಬಿಡುಗಡೆಯಾದ ಮಗುವಿನ ಕೈಯಲ್ಲಿ ಕೆಲವು ದಿನದ ಮಾತ್ರೆ, ವೈದ್ಯರ ಭೇಟಿ ಮಾತ್ರ ವಾರಗಳಾಚೆ. ಮೆಡಿಕೇಡನ್ನೇ ಹೆಚ್ಚು ನೆಚ್ಚಿಕೊಂಡಿರುವ ಕಪ್ಪು ಮತ್ತು ಲ್ಯಾಟಿನೊ ಕುಟುಂಬಗಳಿಗೆ ಈ ಪೆಟ್ಟು ಜೋರು. 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಬಿಡುಗಡೆಗೆ ಮುಂಚಿನ 30 ದಿನಗಳಲ್ಲಿ ತಪಾಸಣೆಗೂ, ಆ ಅವಧಿಯಲ್ಲಿ ಮತ್ತು ನಂತರ ಕನಿಷ್ಠ 30 ದಿನ ಮಗುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವ ಕೆಲಸಕ್ಕೂ ಮೆಡಿಕೇಡ್ ಒದಗಬೇಕು. ಒಳ್ಳೆಯದೇ. ಆದರೆ ಇದು ಕಡ್ಡಾಯವಿರುವುದು ತೀರ್ಪು ಬಂದ ಮಕ್ಕಳಿಗೆ. ವಿಚಾರಣೆ ಬಾಕಿ ಇರುವವರ ವಿಷಯ ರಾಜ್ಯಗಳ ಇಚ್ಛೆಗೆ ಬಿಟ್ಟದ್ದು.

ಜನಾಂಗೀಯ ಅಸಮಾನತೆ ಅಳೆಯಲು ಒಕ್ಕೂಟ ಸರ್ಕಾರ ಗೊತ್ತುಮಾಡಿರುವ ಐದು ಹಂತಗಳು ಇವು: ಬಂಧನ, ಮೊಕದ್ದಮೆಯಿಂದ ಹೊರಗಿಡುವಿಕೆ, ವಿಚಾರಣಾಪೂರ್ವ ಸೆರೆ, ತೀರ್ಪಿನ ನಂತರದ ಸೆರೆ, ವಯಸ್ಕರ ನ್ಯಾಯಾಲಯಕ್ಕೆ ವರ್ಗ. ಚಿಕಿತ್ಸೆ ಈ ಪಟ್ಟಿಯಲ್ಲೇ ಇಲ್ಲ. ತಪಾಸಣೆಯಾದವರು, ಅಪಾಯದ ಅಂಕ ಬಂದವರು, ಅವರಲ್ಲಿ ತಜ್ಞರನ್ನು ಕಂಡವರು, ಒಂಟಿ ಬಂಧನಕ್ಕೆ ಹೋದವರು, ಬಿಡುಗಡೆಯ ನಂತರ ಮೊದಲ ಭೇಟಿ ಆದವರು: ಈ ಐದು ಕಂಬಸಾಲುಗಳನ್ನು ಜನಾಂಗವಾರು ತುಂಬಿಸಿದರೆ ಸೋರಿಕೆ ಎಲ್ಲೆಂದು ಗೊತ್ತಾಗುತ್ತದೆ. ಹೋಲಿಕೆ ಮಾತ್ರ ಒಂದೇ ಅಂಕ ಬಂದ ಮಕ್ಕಳ ನಡುವೆ ಆಗಬೇಕು. ಮಕ್ಕಳ ಸಂಖ್ಯೆ ಕಡಿಮೆಯಿರುವ ಕೌಂಟಿಗಳಲ್ಲಿ ಮೂರು ವರ್ಷದ ಅಂಕಿಗಳನ್ನು ಕೂಡಿಸಿ ನೋಡಬೇಕು. ಇಲ್ಲದಿದ್ದರೆ ಒಬ್ಬಿಬ್ಬರಿಂದಲೇ ಶೇಕಡಾವಾರು ತಲೆಕೆಳಗಾಗುತ್ತದೆ, ಮಕ್ಕಳ ಗುರುತೂ ಬಯಲಾಗುತ್ತದೆ.